ಕಾರಿನ ನೀರು: ಎಲ್ಲಿರಬೇಕು, ಎಲ್ಲಿರಬಾರದು

ಹುಲಿಕಲ್ ಘಾಟಿಯ ನಡುದಾರಿಯಲ್ಲಿ ನಮ್ಮ ಕಾರಿನ ಬ್ರೇಕ್ ಪೆಡಲ್ ಮೆತ್ತಗಾಯಿತು. ಜೂನ್ ಕೊನೆಯ ವಾರ, ಮಾಸ್ತಿಕಟ್ಟೆಯಿಂದಲೇ ಹಿಡಿದ ಮಳೆ, ಹಿಂದಿನ ಸೀಟಿನಲ್ಲಿ ಅಮ್ಮ ಮತ್ತು ಮಗಳು. ಮೊದಲ ತಿರುವುಗಳಲ್ಲಿ ಕಾಲಿಗೆ ಗಟ್ಟಿಯಾಗಿ ಸಿಗುತ್ತಿದ್ದ ಪೆಡಲ್ ಆಮೇಲಾಮೇಲೆ ಒದ್ದೆ ಸ್ಪಂಜು ಒತ್ತಿದ ಹಾಗೆ ತಳದವರೆಗೂ ಇಳಿಯತೊಡಗಿತು. ಎರಡು ಮೂರು ಸಲ ಪಂಪ್ ಮಾಡಿದರೆ ಸ್ವಲ್ಪ ಹಿಡಿಯುತ್ತಿತ್ತು, ಅಷ್ಟೆ. ಗೇರನ್ನು ಎರಡಕ್ಕೆ, ಒಂದಕ್ಕೆ ಇಳಿಸಿ, ಹ್ಯಾಂಡ್‌ಬ್ರೇಕನ್ನು ಮೆಲ್ಲಮೆಲ್ಲಗೆ ಎಳೆಯುತ್ತ ಗುಡ್ಡದ ಮಗ್ಗುಲಿಗೆ ತಂದು ನಿಲ್ಲಿಸಿದೆ. ಮುಂದಿನ ಚಕ್ರಗಳಿಂದ ಸುಟ್ಟ ವಾಸನೆ ಬರುತ್ತಿತ್ತು.

ಹಿಂದೆ ತರಕಾರಿ ಹೇರಿಕೊಂಡು ಇಳಿಯುತ್ತಿದ್ದ ಗಾಡಿಯ ಚಾಲಕರು ನಿಲ್ಲಿಸಿ ಹತ್ತಿರ ಬಂದರು.

“ಎಷ್ಟನೇ ಗೇರಲ್ಲಿ ಇಳೀತಾ ಇದ್ರಿ ಸಾರ್?”

“ನಾಲ್ಕು.”

“ಹತ್ತೋ ಗೇರಲ್ಲೇ ಇಳೀಬೇಕು. ಮುಕ್ಕಾಲು ಗಂಟೆ ಹೀಗೇ ಬಿಡಿ, ತಾನೇ ಆರಲಿ. ಚಕ್ರಕ್ಕೆ ನೀರು ಮಾತ್ರ ಹುಯ್ಯಬೇಡಿ, ಡಿಸ್ಕ್ ಸೊಟ್ಟಗಾಗುತ್ತೆ.”

ಮುಕ್ಕಾಲು ಗಂಟೆ ಕಾದೆವು. ಪೆಡಲ್ ಮತ್ತೆ ಗಟ್ಟಿಯಾಯಿತು. ಒಂದು, ಎರಡನೇ ಗೇರಿನಲ್ಲೇ ಇಳಿದು ಹೊಸಂಗಡಿ ತಲುಪಿ ಗ್ಯಾರೇಜಿನಲ್ಲಿ ತೋರಿಸಿದಾಗ ಮೆಕ್ಯಾನಿಕ್ ಬಾನೆಟ್ ಎತ್ತಿ, ಬ್ರೇಕ್ ಆಯಿಲ್‌ನ ಪುಟ್ಟ ಡಬ್ಬಿಯ ಮುಚ್ಚಳ ಬಿಚ್ಚಿ, ಟಾರ್ಚ್ ಬಿಟ್ಟು ತೋರಿಸಿದರು. ತಿಳಿ ಜೇನಿನ ಬಣ್ಣದಲ್ಲಿ ಇರಬೇಕಾದ ದ್ರವ ಕಾಫಿ ಡಿಕಾಕ್ಷನ್‌ನಂತೆ ಕಪ್ಪಾಗಿತ್ತು. “ಇದು ನೀರು ಕುಡಿದಿದೆ” ಎಂದರು. ನಾಲ್ಕು ವರ್ಷ ತಪ್ಪದೆ ಸರ್ವಿಸ್ ಮಾಡಿಸಿದ ಕಾರು ಅದು. ಪ್ರತಿ ಬಿಲ್ಲಿನಲ್ಲೂ ಬ್ರೇಕ್ ಪರೀಕ್ಷಿಸಲಾಗಿದೆ ಎಂಬ ಗುರುತು ಇತ್ತು. ದ್ರವವನ್ನು ಒಮ್ಮೆಯೂ ಬದಲಿಸಿರಲಿಲ್ಲ. ನಾನೂ ಕೇಳಿರಲಿಲ್ಲ.

ಅಂದಿನಿಂದ ಮುಂಗಾರಿಗೆ ಮುಂಚೆ, ಮೇ ತಿಂಗಳ ಒಂದು ಭಾನುವಾರ, ಕಾರಿನ ಸುತ್ತ ಒಂದೇ ಪ್ರಶ್ನೆ ಇಟ್ಟುಕೊಂಡು ಓಡಾಡುತ್ತೇನೆ: ನೀರು ಇರಬೇಕಾದ ಕಡೆ ಇದೆಯೇ, ಇರಬಾರದ ಕಡೆ ಸೇರಿದೆಯೇ? ನಮ್ಮ ಮಳೆಯ ಸೀಮೆಯಲ್ಲಿ ಕಾರು ಕೈಕೊಡುವ ಬಹುಪಾಲು ಸಂದರ್ಭಗಳ ಬುಡ ಈ ಪ್ರಶ್ನೆಯಲ್ಲೇ ಸಿಗುತ್ತದೆ. ಇದಕ್ಕೆ ಸ್ಪ್ಯಾನರ್ ಬೇಕಿಲ್ಲ. ಒಂದು ಟಾರ್ಚ್, ಹಳೆಯ ಬಟ್ಟೆ, ಪೊರಕೆಯ ಒಂದು ಕಡ್ಡಿ, ಅರ್ಧ ಗಂಟೆ ಬಿಡುವು ಸಾಕು.

ಬ್ರೇಕ್ ಆಯಿಲ್ ಎಂದು ನಾವು ಕರೆಯುವುದು ನಿಜವಾಗಿ ಎಣ್ಣೆಯಲ್ಲ. ಅದು ಗ್ಲೈಕಾಲ್ ಜಾತಿಯ ದ್ರವ. ಉಪ್ಪು ಮಳೆಗಾಲದಲ್ಲಿ ನೀರೊಡೆಯುವಂತೆ ಇದೂ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ರಬ್ಬರ್ ಪೈಪುಗಳ ಮೂಲಕ, ಡಬ್ಬಿಯ ಮುಚ್ಚಳದ ಮೂಲಕ ವರ್ಷಗಟ್ಟಲೆ ಹನಿಹನಿಯಾಗಿ ನೀರು ಸೇರುತ್ತಲೇ ಇರುತ್ತದೆ. ಹೊಸ ಡಾಟ್ 3 ದರ್ಜೆಯ ದ್ರವ 205 ಡಿಗ್ರಿ ಸೆಲ್ಸಿಯಸ್‌ವರೆಗೆ, ಡಾಟ್ 4 ದ್ರವ 230 ಡಿಗ್ರಿವರೆಗೆ ಕುದಿಯಬಾರದು ಎಂಬುದು ನಿಯಮ. ಅದರಲ್ಲಿ ಶೇ 3.7ರಷ್ಟು ನೀರು ಸೇರಿದರೆ ಈ ಮಿತಿ ಕ್ರಮವಾಗಿ 140 ಮತ್ತು 155ಕ್ಕೆ ಕುಸಿಯುತ್ತದೆ. ಘಾಟಿಯಲ್ಲಿ ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಆ ಬಿಸಿ ತಲುಪುವುದು ಕಷ್ಟವೇನಲ್ಲ. ದ್ರವ ಕುದಿದು ಆವಿಯ ಗುಳ್ಳೆಗಳಾಗುತ್ತವೆ. ದ್ರವವನ್ನು ಒತ್ತಿದರೆ ಕುಗ್ಗುವುದಿಲ್ಲ, ಹಾಗಾಗಿ ನಮ್ಮ ಕಾಲಿನ ಬಲ ಚಕ್ರದವರೆಗೆ ಹೋಗುತ್ತದೆ. ಆವಿ ಕುಗ್ಗುತ್ತದೆ. ಕಾಲಿನ ಬಲವೆಲ್ಲ ಗುಳ್ಳೆಯನ್ನು ಕುಗ್ಗಿಸುವುದರಲ್ಲೇ ಮುಗಿಯುತ್ತದೆ. ಆರಿದ ಮೇಲೆ ಆವಿ ಮತ್ತೆ ದ್ರವವಾಗಿ ಪೆಡಲ್ ಸರಿಹೋಗುವುದರಿಂದ ಜನ ಅದನ್ನು ಅಲ್ಲಿಗೇ ಮರೆಯುತ್ತಾರೆ. ಅಪಾಯ ಇರುವುದು ಆ ಮರೆವಿನಲ್ಲಿ.

ಆದ್ದರಿಂದ ಬ್ರೇಕ್ ಆಯಿಲನ್ನು ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ. ಕಾರು ಕಡಿಮೆ ಓಡಿದ್ದರೂ ಬದಲಿಸಿ. ನಿಂತ ಕಾರಿನ ದ್ರವವೂ ತೇವ ಹೀರುತ್ತದೆ. ಯಾವ ದರ್ಜೆ ಎಂಬುದು ಮುಚ್ಚಳದ ಮೇಲೆಯೇ ಬರೆದಿರುತ್ತದೆ. ಸೀಲು ಒಡೆದು ಮೂಲೆಯಲ್ಲಿಟ್ಟ ಹಳೆಯ ಬಾಟಲಿಯಿಂದ ಹಾಕಲು ಬಿಡಬೇಡಿ. ಎಂಜಿನ್ ಆಯಿಲನ್ನಂತೂ ಅದಕ್ಕೆ ಎಂದೂ ಹಾಕಬಾರದು, ಒಳಗಿನ ರಬ್ಬರೆಲ್ಲ ಉಬ್ಬಿ ಬ್ರೇಕೇ ಕೆಟ್ಟುಹೋಗುತ್ತದೆ. ಇನ್ನೊಂದು ವಿಷಯ: ಡಬ್ಬಿಯಲ್ಲಿ ಮಟ್ಟ ಇಳಿದಿದ್ದರೆ ಸುಮ್ಮನೆ ತುಂಬಿಸಿ ಕೈ ತೊಳೆದುಕೊಳ್ಳಬೇಡಿ. ಒಂದೋ ಪ್ಯಾಡ್‌ಗಳು ಸವೆದಿವೆ, ಇಲ್ಲವೇ ಎಲ್ಲೋ ಸೋರುತ್ತಿದೆ. ಎರಡನ್ನೂ ನೋಡಿಸಬೇಕು.

ಆ ಚಾಲಕರು ಹೇಳಿದ ಗೇರಿನ ಮಾತು ಚಿನ್ನದಂಥದ್ದು. ಆಗುಂಬೆಯಾಗಲಿ ಚಾರ್ಮಾಡಿಯಾಗಲಿ, ಆ ಏರನ್ನು ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ. ಕಾರಿನ ವೇಗವನ್ನು ಎಂಜಿನ್ನೇ ಹಿಡಿದಿಡುತ್ತದೆ, ಬ್ರೇಕ್ ತಿರುವುಗಳಿಗೆ ಮಾತ್ರ. ಆಟೋಮ್ಯಾಟಿಕ್ ಗಾಡಿಯಲ್ಲಿ ಇದಕ್ಕೆಂದೇ ಎಲ್ ಗುರುತು ಅಥವಾ ಕೈಯಿಂದ ಗೇರು ಬದಲಿಸುವ ವ್ಯವಸ್ಥೆ ಇರುತ್ತದೆ. ಪೆಟ್ರೋಲ್ ಉಳಿಸಲೆಂದು ನ್ಯೂಟ್ರಲ್‌ನಲ್ಲಿ ಇಳಿಸುವವರನ್ನು ನೋಡಿದರೆ ನನಗೆ ಎದೆ ಹೊಡೆದುಕೊಳ್ಳುತ್ತದೆ. ಎಂಜಿನ್ನಿನ ಹಿಡಿತ ತಪ್ಪಿ ಇಡೀ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ಎಂಜಿನ್ ಆಫ್ ಮಾಡಿ ಇಳಿಸಿದರೆ ಬ್ರೇಕಿಗೆ ಸಿಗುವ ಬೂಸ್ಟರ್ ಬಲವೂ ಹೋಗುತ್ತದೆ, ಸ್ಟೇರಿಂಗೂ ಬಿಗಿಯಾಗುತ್ತದೆ. ಈಗಿನ ಫ್ಯೂಯಲ್ ಇಂಜೆಕ್ಷನ್ ಗಾಡಿಗಳು ಗೇರಿನಲ್ಲೇ ಇಳಿಯುವಾಗ, ಆಕ್ಸಿಲರೇಟರ್ ಬಿಟ್ಟರೆ ತಾವಾಗಿಯೇ ಇಂಧನ ನಿಲ್ಲಿಸುತ್ತವೆ. ಹಾಗಾಗಿ ನ್ಯೂಟ್ರಲ್‌ನಿಂದ ಉಳಿತಾಯವೂ ಇಲ್ಲ.

ನೀರು ಇರಲೇಬೇಕಾದ ಜಾಗ ರೇಡಿಯೇಟರ್. ಅಂಬಾಸಿಡರ್, ಪದ್ಮಿನಿಗಳ ಕಾಲದಲ್ಲಿ ದಾರಿಬದಿಯ ಕೊಳವೆಯಿಂದ ಕ್ಯಾನ್ ತುಂಬಿ ರೇಡಿಯೇಟರಿಗೆ ಸುರಿಯುವುದು ಮಾಮೂಲಿಯಾಗಿತ್ತು. ಆ ಅಭ್ಯಾಸ ಈಗಿನ ಅಲ್ಯೂಮಿನಿಯಂ ಎಂಜಿನ್ನುಗಳಿಗೆ ಒಗ್ಗುವುದಿಲ್ಲ. ಅದರೊಳಗೆ ಇರಬೇಕಾದದ್ದು ಕೂಲಂಟ್. ಹಸಿರು, ಕೆಂಪು, ಕಿತ್ತಳೆ ಬಣ್ಣಗಳಲ್ಲಿ ಬರುವ ಈ ದ್ರವದಲ್ಲಿ ತುಕ್ಕು ತಡೆಯುವ ಔಷಧವೂ ಇರುತ್ತದೆ, ಕುದಿಯುವ ಮಿತಿ ಏರಿಸುವ ಗ್ಲೈಕಾಲೂ ಇರುತ್ತದೆ. ಕೋಲಾರ, ಚಿತ್ರದುರ್ಗದ ಕಡೆಯ ಬೋರ್‌ವೆಲ್ ನೀರನ್ನು ಕಾಯಿಸಿದ ಪಾತ್ರೆಯ ತಳ ನೋಡಿದ್ದೀರಲ್ಲ, ಬಿಳಿ ಗಾರೆ ಹಿಡಿದಂತೆ? ಅದೇ ಪದರ ರೇಡಿಯೇಟರಿನ ಸಣ್ಣ ನಾಳಗಳಲ್ಲೂ ಕಟ್ಟುತ್ತದೆ.

ಕೂಲಂಟಿನ ಪ್ಲಾಸ್ಟಿಕ್ ಡಬ್ಬಿಯ ಮೇಲೆ ಕನಿಷ್ಠ ಮತ್ತು ಗರಿಷ್ಠ ಎಂದು ಎರಡು ಗೆರೆಗಳಿರುತ್ತವೆ. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ನೋಡಿ. ಬಿಸಿ ಎಂಜಿನ್ನಿನ ಮುಚ್ಚಳ ತೆಗೆಯಬೇಡಿ. ಒಳಗೆ ಕುಕ್ಕರಿನಂತೆ ಒತ್ತಡ ಇರುವುದರಿಂದ 100 ಡಿಗ್ರಿ ದಾಟಿದ ಮೇಲೂ ದ್ರವ ಕುದಿಯದೆ ಕೂತಿರುತ್ತದೆ. ಮುಚ್ಚಳ ಸಡಿಲಾದ ಕ್ಷಣ ಕುದಿದು ಮುಖಕ್ಕೆ ಚಿಮ್ಮುತ್ತದೆ. ಬಟ್ಟೆ ಹಿಡಿದುಕೊಂಡರೂ ಅದು ಕೇಳುವುದಿಲ್ಲ.

ದಾರಿಯಲ್ಲಿ ಬಿಸಿಯ ಮುಳ್ಳು ಏರಿದರೆ, ಮುಳ್ಳಿಲ್ಲದ ಹೊಸ ಗಾಡಿಗಳಲ್ಲಿ ಕೆಂಪು ದೀಪ ಹತ್ತಿದರೆ, ಎಸಿ ಆರಿಸಿ, ಹೀಟರನ್ನು ಪೂರ್ತಿ ತಿರುಗಿಸಿ. ನಿಮಗೆ ಸೆಕೆಯಾಗುತ್ತದೆ, ಆದರೆ ಎಂಜಿನ್ನಿನ ಬಿಸಿ ಅಷ್ಟು ಹೊರಬರುತ್ತದೆ. ಸುರಕ್ಷಿತ ಜಾಗ ಸಿಕ್ಕ ಕೂಡಲೇ ಎಂಜಿನ್ ನಿಲ್ಲಿಸಿ ಅರ್ಧ ಗಂಟೆಗೆ ಕಡಿಮೆಯಿಲ್ಲದಂತೆ ಕಾಯಿರಿ. “ಇನ್ನು ಹತ್ತು ಕಿಲೋಮೀಟರ್ ತಾನೆ” ಎಂದು ಓಡಿಸಿದವರು ಸಿಲಿಂಡರ್ ಹೆಡ್ ಬಾಗಿ ಹತ್ತಾರು ಸಾವಿರ ಕಟ್ಟಿದ್ದನ್ನು ಕಂಡಿದ್ದೇನೆ. ಎಂಜಿನ್ ಪೂರ್ತಿ ಆರಿದ ಮೇಲೆ, ಬೇರೆ ದಾರಿಯೇ ಇಲ್ಲದಿದ್ದರೆ, ಕುಡಿಯುವ ನೀರಿನ ಬಾಟಲಿಯಿಂದ ತುಂಬಿಸಿ ಗ್ಯಾರೇಜು ಮುಟ್ಟಬಹುದು. ಆಮೇಲೆ ಅದನ್ನು ತೆಗೆಸಿ ಸರಿಯಾದ ಕೂಲಂಟ್ ಹಾಕಿಸಲೇಬೇಕು. ಅಂಗಳದಲ್ಲಿ ಕೂಲಂಟ್ ಚೆಲ್ಲಿದರೆ ಚೆನ್ನಾಗಿ ನೀರು ಹಾಕಿ ತೊಳೆಯಿರಿ. ಅದು ಸಿಹಿ, ನಾಯಿ ಬೆಕ್ಕು ನೆಕ್ಕುತ್ತವೆ. ಅವುಗಳಿಗೆ ಅದು ವಿಷ.

ಕೂಲಂಟ್ ಪದೇ ಪದೇ ಇಳಿಯುತ್ತಿದ್ದು ಹೊರಗೆಲ್ಲೂ ಸೋರಿಕೆ ಕಾಣದಿದ್ದರೆ ಎಂಜಿನ್ ಆಯಿಲಿನ ಡಿಪ್‌ಸ್ಟಿಕ್ ಎಳೆದು ನೋಡಿ. ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿ ನೀರು ಆಯಿಲಿಗೆ ಸೇರಿದೆ ಎಂದರ್ಥ. ಕಾರು ಸ್ಟಾರ್ಟ್ ಮಾಡಲೇಬೇಡಿ. ಆದರೆ ಮಳೆಗಾಲದಲ್ಲಿ ದಿನಾ ಎರಡು ಕಿಲೋಮೀಟರ್ ಮಾತ್ರ ಓಡುವ ಕಾರಿನ ಆಯಿಲ್ ಮುಚ್ಚಳದ ಒಳಮೈಯಲ್ಲಿ ತೆಳ್ಳನೆ ಬಿಳಿ ಕೆನೆ ಕಂಡರೆ ಗಾಬರಿ ಬೇಡ. ಡಿಪ್‌ಸ್ಟಿಕ್ ಶುದ್ಧವಾಗಿದ್ದು ಕೂಲಂಟೂ ಇಳಿಯದಿದ್ದರೆ ಅದು ಬರೀ ಹಬೆ ಹೆಪ್ಪುಗಟ್ಟಿದ್ದು. ವಾರಕ್ಕೊಮ್ಮೆ ಮೂವತ್ತು ಕಿಲೋಮೀಟರ್ ಹೆದ್ದಾರಿಯಲ್ಲಿ ಓಡಿಸಿದರೆ ಹೋಗುತ್ತದೆ.

ಬ್ಯಾಟರಿಯ ವಿಷಯ ಚಿಕ್ಕದು. ಮುಚ್ಚಳ ಬಿಚ್ಚುವಂಥದ್ದಾದರೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ, ನಲ್ಲಿ ನೀರೂ ಬೇಡ, ಆಸಿಡ್ಡೂ ಬೇಡ. ಟರ್ಮಿನಲ್‌ಗಳ ಮೇಲೆ ಬಿಳಿ, ಹಸಿರು ಪುಡಿ ಕಟ್ಟಿದ್ದರೆ ಅಡುಗೆ ಸೋಡಾ ಕದಡಿದ ಬಿಸಿನೀರಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ ಅದ್ದಿ ಉಜ್ಜಿ. ವೈರು ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ರಾತ್ರಿಯೆಲ್ಲ ನಿಂತ ಬ್ಯಾಟರಿ ಬೆಳಿಗ್ಗೆ ಮೀಟರಿನಲ್ಲಿ 12.6 ವೋಲ್ಟಿನ ಆಸುಪಾಸು ತೋರಿಸಿದರೆ ಆರೋಗ್ಯವಾಗಿದೆ. ಹೆಡ್‌ಲೈಟ್, ವೈಪರ್, ಎಸಿ ಮೂರೂ ಒಟ್ಟಿಗೆ ಓಡುವ ಮಳೆಗಾಲದಲ್ಲಿ ನಾಲ್ಕು ವರ್ಷ ದಾಟಿದ ಬ್ಯಾಟರಿಯನ್ನು ನಂಬಿ ದೂರದೂರಿಗೆ ಹೋಗಬೇಡಿ.

ಡೀಸೆಲ್ ಕಾರಿನವರಿಗೆ ಒಂದು ಮಾತು. ಡೀಸೆಲ್‌ನಲ್ಲಿ ಸೇರಿದ ನೀರು ಫಿಲ್ಟರಿನ ತಳದಲ್ಲಿ ನಿಲ್ಲುತ್ತದೆ. ಆ ನೀರಿನ ಎಚ್ಚರಿಕೆಯ ದೀಪ ಹತ್ತಿದರೆ ನಾಳೆ ನೋಡೋಣ ಎನ್ನಬೇಡಿ, ಇಂಜೆಕ್ಟರ್‌ಗಳು ಬಹಳ ದುಬಾರಿ.

ರಸ್ತೆಯ ಮೇಲಿನ ನೀರನ್ನು ಹೊರದೂಡುವ ಕೆಲಸ ಟೈರಿನದು. ಅದರ ಮೈಮೇಲಿನ ಕಾಲುವೆಗಳು ಇರುವುದೇ ಅದಕ್ಕೆ. ಆಳ 1.6 ಮಿಲಿಮೀಟರಿಗೆ ಇಳಿದರೆ ಕಾನೂನಿನ ಪ್ರಕಾರ ಟೈರಿನ ಆಯುಷ್ಯ ಮುಗಿಯಿತು. ಕಾಲುವೆಗಳ ನಡುವೆ ಅಲ್ಲಲ್ಲಿ ಪುಟ್ಟ ದಿಬ್ಬಗಳಿವೆ, ಟೈರ್ ಸವೆದು ಅವುಗಳ ಮಟ್ಟಕ್ಕೆ ಬಂದರೆ ಆ ಮಿತಿ ಮುಟ್ಟಿತು ಎಂದು ತಿಳಿಯಬೇಕು. ಮಲೆನಾಡು, ಕರಾವಳಿಯಲ್ಲಿ ಓಡಾಡುವವರು 3 ಮಿಲಿಮೀಟರಿಗೇ ಬದಲಿಸುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಬೋಳು ಟೈರ್ ನೀರಿನ ಮೇಲೆ ತೇಲುತ್ತದೆ, ಆಗ ಸ್ಟೇರಿಂಗ್ ಹಗುರವಾಗಿಬಿಡುತ್ತದೆ. ಹಾಗಾದರೆ ಬ್ರೇಕ್ ತುಳಿಯದೆ, ಸ್ಟೇರಿಂಗ್ ನೇರ ಹಿಡಿದು, ಆಕ್ಸಿಲರೇಟರ್ ಮೆಲ್ಲಗೆ ಬಿಡಿ. ಟೈರಿನ ಮಗ್ಗುಲಲ್ಲಿ ನಾಲ್ಕು ಅಂಕಿಗಳ ಒಂದು ಚೌಕಟ್ಟಿರುತ್ತದೆ: 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು. ಎರಡೇ ಟೈರ್ ಕೊಳ್ಳುವ ಶಕ್ತಿ ಇದ್ದರೆ ಹೊಸದನ್ನು ಹಿಂದಿನ ಚಕ್ರಗಳಿಗೆ ಹಾಕಿಸಿ. ಅಂಗಡಿಯವರು ಮುಂದಕ್ಕೇ ಹಾಕುತ್ತೇನೆ ಎನ್ನುವುದುಂಟು. ಒದ್ದೆ ತಿರುವಿನಲ್ಲಿ ಹಿಂಭಾಗ ಜಾರಿದರೆ ಕಾರು ಗಿರಕಿ ಹೊಡೆಯುತ್ತದೆ, ಅದನ್ನು ಹಿಡಿತಕ್ಕೆ ತರುವುದು ನಮ್ಮಂಥವರಿಂದ ಆಗುವ ಕೆಲಸವಲ್ಲ. ಗಾಳಿಯ ಲೆಕ್ಕ ಚಾಲಕನ ಬಾಗಿಲಿನ ಕಂಬದ ಮೇಲೆ ಅಂಟಿಸಿರುತ್ತದೆ, ಟೈರ್ ತಣ್ಣಗಿರುವಾಗ ಅಷ್ಟೇ ಹಾಕಿಸಿ. ಸ್ಟೆಪ್ನಿಗೂ.

ವೈಪರ್ ರಬ್ಬರನ್ನು ಏಪ್ರಿಲ್, ಮೇ ಬಿಸಿಲು ಸುಟ್ಟಿರುತ್ತದೆ. ಗಾಜಿನ ಮೇಲೆ ಗೆರೆ ಉಳಿಸಿದರೆ ಬದಲಿಸಿ, ಕಾರಿನಲ್ಲಿ ಇದಕ್ಕಿಂತ ಅಗ್ಗವಾಗಿ ಜೀವ ಕಾಪಾಡುವ ಭಾಗ ಇನ್ನೊಂದಿಲ್ಲ. ಗಾಜಿನ ಒಳಮೈ ಮಂಜಾದರೆ ಕೈಯಿಂದ ಒರೆಸುತ್ತ ಓಡಿಸಬೇಡಿ. ಎಸಿ ಹಾಕಿ, ಗಾಳಿಯನ್ನು ಮುಂದಿನ ಗಾಜಿಗೆ ತಿರುಗಿಸಿ, ಹೊರಗಿನ ಗಾಳಿ ಬರುವಂತೆ ಇಡಿ. ಚಳಿಯಾದರೆ ಜೊತೆಗೆ ಹೀಟರನ್ನೂ ಹಾಕಿಕೊಳ್ಳಬಹುದು. ಎಸಿ ಗಾಳಿಯ ತೇವ ಹಿಂಡುತ್ತದೆ, ಅರ್ಧ ನಿಮಿಷದಲ್ಲಿ ಗಾಜು ತಿಳಿಯಾಗುತ್ತದೆ. ಮತ್ತೆ ಮಳೆಯಲ್ಲಿ ನಾಲ್ಕೂ ಇಂಡಿಕೇಟರ್ ಮಿನುಗಿಸುತ್ತ ಓಡಿಸುವ ರೂಢಿ ಬಿಟ್ಟುಬಿಡಿ. ನೀವು ಎಡಕ್ಕೋ ಬಲಕ್ಕೋ ಎಂಬುದು ಹಿಂದಿನವರಿಗೆ ತಿಳಿಯುವುದಿಲ್ಲ. ಹೆಡ್‌ಲೈಟ್ ಹಾಕಿದರೆ ಸಾಕು.

2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಬೆಳ್ಳಂದೂರು, ಯಮಲೂರು ಕಡೆ ನೀರು ನಿಂತಾಗ ನನ್ನ ಗೆಳೆಯರೊಬ್ಬರ ಕಾರು ನೆಲಮಾಳಿಗೆಯಲ್ಲಿ ಬಾನೆಟ್ಟಿನವರೆಗೆ ಮುಳುಗಿತ್ತು. ನೀರು ಇಳಿದ ಮರುದಿನ ಒಳಗೆ ಕೂತು ಕೀ ತಿರುಗಿಸಿದರು. ಒಂದು ಸಲ ‘ಟಣ್’ ಎಂದ ಶಬ್ದ, ಮತ್ತೆ ಮೌನ. ಸಿಲಿಂಡರಿನೊಳಗೆ ಪಿಸ್ಟನ್ ಗಾಳಿಯನ್ನು ಅದುಮಬೇಕು. ಅಲ್ಲಿ ಗಾಳಿಯ ಬದಲು ನೀರಿದ್ದರೆ ನೀರು ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಬ್ರೇಕ್ ಪೈಪಿನಲ್ಲಿ ಕಾಪಾಡುವ ಗುಣವೇ ಇಲ್ಲಿ ಎಂಜಿನ್ನನ್ನು ಮುರಿಯುತ್ತದೆ. ಕೀ ತಿರುಗಿಸದೆ ಟೋಯಿಂಗ್ ಗಾಡಿಯಲ್ಲಿ ಸಾಗಿಸಿದ್ದರೆ ಗ್ಯಾರೇಜಿನವರು ಪ್ಲಗ್‌ಗಳನ್ನು ಬಿಚ್ಚಿ, ನೀರು ಹೊರಹಾಕಿ, ಆಯಿಲ್ ಮತ್ತು ಫಿಲ್ಟರ್‌ಗಳನ್ನು ಬದಲಿಸಿ ಬಹುಶಃ ಉಳಿಸುತ್ತಿದ್ದರು.

ಹಾಗಾಗಿ ಮುಳುಗಿದ ಕಾರನ್ನು ಸ್ಟಾರ್ಟ್ ಮಾಡಬೇಡಿ. ಇಗ್ನಿಷನ್ ಕೂಡ ಆನ್ ಮಾಡಬೇಡಿ. ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಕಾಣುವಂತೆ ಫೋಟೊ ತೆಗೆದು, ಗಾಡಿ ಕದಲಿಸುವ ಮೊದಲು ವಿಮೆ ಕಂಪನಿಗೆ ತಿಳಿಸಿ. ಸಮಗ್ರ ವಿಮೆಯಲ್ಲಿ ಪ್ರವಾಹದ ಹಾನಿ ಸೇರಿರುತ್ತದೆ ನಿಜ, ಆದರೆ ನೀರು ಹೊಕ್ಕ ಎಂಜಿನ್ನನ್ನು ಸ್ಟಾರ್ಟ್ ಮಾಡಿ ಆದ ಹಾನಿಯನ್ನು ಕಂಪನಿಗಳು ಸಾಮಾನ್ಯವಾಗಿ ಕೊಡುವುದಿಲ್ಲ. ಅದಕ್ಕೆ ಎಂಜಿನ್ ರಕ್ಷಣೆ ಎಂಬ ಹೆಚ್ಚುವರಿ ಕವಚವನ್ನು ಪಾಲಿಸಿ ಕೊಳ್ಳುವಾಗಲೇ ಸೇರಿಸಿಕೊಳ್ಳಬೇಕು. ನವೀಕರಣದ ಹೊತ್ತಿಗೆ ಷರತ್ತು ಓದಿ, ಕೇಳಿ, ಬರೆಸಿಕೊಳ್ಳಿ. ಮುಳುಗಿದ್ದು ಎಲೆಕ್ಟ್ರಿಕ್ ಕಾರಾದರೆ ಅದನ್ನು ಮುಟ್ಟದೆ ಕಾರು ಕಂಪನಿಯವರನ್ನೇ ಕರೆಸಿ.

ರಸ್ತೆಯ ಮೇಲೆ ನೀರು ಹರಿಯುತ್ತಿದ್ದರೆ, ಅದು ಚಕ್ರದ ಅರ್ಧ ಮುಟ್ಟುವ ಹಾಗಿದ್ದರೆ, ತಿರುಗಿ ಹೋಗಿ. ಕಡಿಮೆ ಇದ್ದರೆ ಒಂದನೇ ಗೇರಿನಲ್ಲಿ, ಆಕ್ಸಿಲರೇಟರ್ ಬಿಡದೆ, ಒಂದೇ ನಿಧಾನದ ವೇಗದಲ್ಲಿ ದಾಟಿ. ಎದುರಿಂದ ಬಸ್ಸು ಬರುತ್ತಿದ್ದರೆ ಅದು ದಾಟುವವರೆಗೆ ದಡದಲ್ಲಿ ಕಾಯಿರಿ, ಅದೆಬ್ಬಿಸುವ ಅಲೆ ನೇರ ನಿಮ್ಮ ಏರ್ ಫಿಲ್ಟರಿಗೆ ನುಗ್ಗುತ್ತದೆ. ದಾಟಿದ ಮೇಲೆ ಬ್ರೇಕನ್ನು ಮೆಲ್ಲಗೆ ನಾಲ್ಕಾರು ಸಲ ಒತ್ತಿ ಒಣಗಿಸಿಕೊಳ್ಳಿ. ಅಂಡರ್‌ಪಾಸಿನಲ್ಲಿ ನೀರು ನಿಂತಿದ್ದರಂತೂ ಲೆಕ್ಕಾಚಾರವೇ ಬೇಡ. 2023ರ ಮೇ 21ರಂದು ಬೆಂಗಳೂರಿನ ಕೆ.ಆರ್. ಸರ್ಕಲ್ ಅಂಡರ್‌ಪಾಸಿನಲ್ಲಿ ಕಾರು ಮುಳುಗಿ ಒಬ್ಬ ಯುವತಿಯ ಜೀವವೇ ಹೋಯಿತು. ಆ ಸುದ್ದಿ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕಾರಿನೊಳಗೆ ಸಿಕ್ಕಿಕೊಂಡರೆ ಸೀಟ್‌ಬೆಲ್ಟ್ ಬಿಚ್ಚಿ, ಪವರ್ ವಿಂಡೊ ಇನ್ನೂ ಕೆಲಸ ಮಾಡುತ್ತಿರುವಾಗಲೇ ಕಿಟಕಿ ಇಳಿಸಿ ಹೊರಬನ್ನಿ. ಹೊರಗಿನ ನೀರಿನ ಒತ್ತಡಕ್ಕೆ ಬಾಗಿಲು ತೆರೆಯುವುದಿಲ್ಲ. ಕಿಟಕಿಯೂ ಇಳಿಯದಿದ್ದರೆ ಪಕ್ಕದ ಗಾಜಿನ ಮೂಲೆಗೆ ಚೂಪಾದ ಲೋಹದಿಂದ ಹೊಡೆಯಬೇಕು. ಮುಂದಿನ ಗಾಜು ಎರಡು ಪದರದ್ದು, ಒಡೆದರೂ ದಾರಿ ಬಿಡುವುದಿಲ್ಲ. ಇದಕ್ಕೆಂದೇ ಸಿಗುವ ಪುಟ್ಟ ಸುತ್ತಿಗೆಯನ್ನು ಕೈಗೆಟುಕುವಂತೆ ಇಟ್ಟುಕೊಳ್ಳಿ, ಡಿಕ್ಕಿಯಲ್ಲಲ್ಲ.

ಇನ್ನು ಕಾರಿನ ಒಳಗೆ ಕದ್ದು ನುಗ್ಗುವ ನೀರು. ಮರದ ಕೆಳಗೆ ನಿಲ್ಲಿಸುವವರು ಬಾನೆಟ್ ಎತ್ತಿ, ಗಾಜಿನ ಬುಡದ ಜಾಲರಿಯ ಹತ್ತಿರ ಟಾರ್ಚ್ ಬಿಟ್ಟು ನೋಡಿ. ಗುಲ್‌ಮೊಹರಿನ ಸಣ್ಣ ಸಣ್ಣ ಎಲೆಗಳು ಅಲ್ಲಿ ಕೊಳೆತು ಗೊಬ್ಬರವಾಗಿರುತ್ತವೆ. ನೀರಿಳಿಯುವ ತೂತು ಮುಚ್ಚಿ, ಮಳೆನೀರು ಮ್ಯಾಟಿನ ಅಡಿಗೆ ಇಳಿಯುತ್ತದೆ. ಎಸಿಯ ನೀರಿನ ಕೊಳವೆ ಕಟ್ಟಿಕೊಂಡರೂ ಮ್ಯಾಟ್ ಒದ್ದೆಯಾಗುತ್ತದೆ. ಎಸಿ ಹಾಕಿ ನಿಲ್ಲಿಸಿದ ಕಾರಿನ ಕೆಳಗೆ ತಿಳಿನೀರು ತೊಟ್ಟಿಕ್ಕದಿದ್ದರೆ ಸಂಶಯಪಡಿ. ತೊಟ್ಟಿಕ್ಕುವುದು ಏನೆಂದು ತಿಳಿಯದಿದ್ದರೆ ರಾತ್ರಿ ಕಾರಿನ ಕೆಳಗೆ ಹಳೆಯ ದಿನಪತ್ರಿಕೆ ಹಾಸಿಡಿ. ಬಣ್ಣವಿಲ್ಲದ ನೀರು ಎಸಿಯದು, ಹಸಿರೋ ಕೆಂಪೋ ಆದರೆ ಕೂಲಂಟ್, ಕಂದು ಕಪ್ಪಾದರೆ ಎಂಜಿನ್ ಆಯಿಲ್. ಚಕ್ರದ ಒಳಮಗ್ಗುಲಲ್ಲಿ ಜಾರುವಂಥ ಒದ್ದೆ ಕಂಡರೆ ಬ್ರೇಕ್ ದ್ರವ. ಅಂಥ ಕಾರನ್ನು ಓಡಿಸಿಕೊಂಡು ಗ್ಯಾರೇಜಿಗೆ ಹೋಗಬೇಡಿ, ಮೆಕ್ಯಾನಿಕ್ ಅವರನ್ನೇ ಮನೆಗೆ ಕರೆಸಿ.

ನಾಲ್ಕಾರು ದಿನ ಮಳೆಯಲ್ಲಿ ನಿಲ್ಲಿಸಿ ಹೋಗುವಾಗ ಸಮತಟ್ಟು ಜಾಗದಲ್ಲಿ ಹ್ಯಾಂಡ್‌ಬ್ರೇಕ್ ಎಳೆಯದೆ, ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ಇಲ್ಲದಿದ್ದರೆ ಬ್ರೇಕ್ ಶೂ ಡ್ರಮ್ಮಿಗೆ ತುಕ್ಕು ಹಿಡಿದು ಅಂಟಿಕೊಳ್ಳುತ್ತದೆ. ಮುಂದಿನ ಡಿಸ್ಕಿನ ಮೇಲೆ ಒಂದೇ ರಾತ್ರಿಗೆ ಕಂದು ತುಕ್ಕಿನ ಪದರ ಮೂಡಿದರೆ ಅದು ಸಹಜ, ಎರಡು ಸಲ ಬ್ರೇಕ್ ಹಿಡಿದರೆ ಹೋಗುತ್ತದೆ.

ಪೊರಕೆ ಕಡ್ಡಿ ಏಕೆಂದು ಹೇಳಿರಲಿಲ್ಲ. ಪ್ರತಿ ಬಾಗಿಲಿನ ತಳದ ಅಂಚಿನಲ್ಲಿ ಎರಡು ಮೂರು ಸಣ್ಣ ಸೀಳುಗಳಿರುತ್ತವೆ. ಕಿಟಕಿಯ ಗಾಜಿನ ಮೇಲಿಂದ ಇಳಿದ ಮಳೆನೀರು ಬಾಗಿಲಿನ ಹೊಟ್ಟೆಯೊಳಗೆ ಹೋಗಿ ಅಲ್ಲಿಂದ ಹೊರಬೀಳಬೇಕು. ಕೆಸರು ಮೆತ್ತಿದರೆ ನೀರು ಒಳಗೇ ನಿಂತು ಬಾಗಿಲು ತಳದಿಂದ ಕೊಳೆಯುತ್ತದೆ, ಉಪ್ಪುಗಾಳಿಯ ಕುಂದಾಪುರ, ಉಡುಪಿ ಕಡೆ ಇನ್ನೂ ಬೇಗ. ಬಾಗಿಲು ತೆರೆದು, ನೆಲದ ಮೇಲೆ ಕೂತು, ಬೆರಳಿಂದ ಅಂಚನ್ನು ಸವರಿದರೆ ಸೀಳುಗಳು ಸಿಗುತ್ತವೆ. ಕಡ್ಡಿಯನ್ನು ಮೆಲ್ಲಗೆ ತೂರಿಸಿ ಆಡಿಸಿ. ಕಳೆದ ಭಾನುವಾರ ನಮ್ಮ ಎಡಬದಿಯ ಹಿಂಬಾಗಿಲಿನಿಂದ ಅರ್ಧ ಲೋಟದಷ್ಟು ಕೆಂಚು ನೀರು ಅಂಗಳಕ್ಕೆ ಇಳಿಯಿತು.